ನಾಲ್ಕನೇ ಜ್ವರದ ಬುಧವಾರ

೧೯೫೧ರಲ್ಲಿ ನಾನು ಓದು ಬಿಟ್ಟೆ. ಏಳನೇ ಕ್ಲಾಸಿನ ನಡುವೆ. ಅಪ್ಪ ತೀರಿಹೋದರು, ಮೇಲೂರಿನ ಹಿಪ್ಪುನೇರಳೆ ತೋಟ ನನ್ನ ಪಾಲಿಗೆ ಬಂತು. ಬೇಜಾರೇನಿಲ್ಲ. ರೇಷ್ಮೆಹುಳು ಸಾಕೋ ಲೆಕ್ಕಾಚಾರ ಯಾವ ಕಾಲೇಜಿನಲ್ಲಿ ಹೇಳಿಕೊಡ್ತಾರೆ, ಹೇಳಿ?

ನಮ್ಮ ಮನೆ ಗೋಡೆ ನೀವು ನೋಡಬೇಕು. ಇದ್ದಿಲಲ್ಲಿ ಬರೆದ ಟೈಮ್ ಟೇಬಲ್! ಸೊಪ್ಪು ಚಿಗುರದೆ ಮೊಟ್ಟೆ ತರೋ ಹಾಗಿಲ್ಲ. ಹುಳು ಹಣ್ಣಾಗೋ ಮುಂಚೆ, ಅವು ಗೂಡು ಕಟ್ಟೋ ಚಂದ್ರಿಕೆ ಸಿದ್ಧವಿರಬೇಕು. ಒಂದು ಕೆಲಸ ತಡವಾದರೆ ಅದರ ಹಿಂದಿನವೆಲ್ಲ ತಡ.

ಇದರ ಮಧ್ಯೆ, ಹೋದ ತಿಂಗಳು, ತಂಗಿ ಸಾವಿತ್ರಿಗೆ ಸಂಬಂಧ ಕುದುರಿತು. ಗೌರಿಬಿದನೂರಿನ ಗುಮಾಸ್ತರ ಮನೆ. 'ಈ ಬುಧವಾರ ಇಲ್ಲವೇ ಮುಂದಿನ ಬುಧವಾರ ತಾಂಬೂಲಕ್ಕೆ ಬರುತ್ತೇವೆ, ಅನುಕೂಲ ತಿಳಿಸಿ' ಅಂತ ಬರೆದಿದ್ದರು.

ಗೋಡೆ ನೋಡಿದೆ. ಮುಂದಿನ ಬುಧವಾರ ಹುಳು ಹಗಲೂ ರಾತ್ರಿ ಮೇಯೋ ಹೊತ್ತು, ಯಾರಿಗೂ ಉಸಿರಾಡೋಕೂ ಬಿಡುವಿಲ್ಲ. ಈ ಬುಧವಾರ ಹುಳು ಪೊರೆ ಬಿಡೋಕೆ ಮಲಗ್ತವೆ, ಸೊಪ್ಪು ಮುಟ್ಟೋದಿಲ್ಲ. ನಮ್ಮ ಕಡೆ ಅದಕ್ಕೆ ಜ್ವರ ಅಂತೀವಿ; ಗೂಡು ಕಟ್ಟೋ ಮುಂಚೆ ನಾಲ್ಕು ಸಲ ಬರುತ್ತೆ. ಕಾರ್ಡು ಬರೆದೆ: 'ಬುಧವಾರ ನಾಲ್ಕನೇ ಜ್ವರ. ಎಲ್ಲರೂ ಬಿಡುವಾಗಿರುತ್ತೇವೆ. ಅವತ್ತೇ ಬನ್ನಿ.'

"ಕೊಡಣ್ಣ, ಒಂದ್ಸಲ ಓದ್ತೀನಿ," ಅಂದಳು ಸಾವಿತ್ರಿ. ಅವಳು ಎಂಟನೇ ಕ್ಲಾಸ್ ಪಾಸು.

"ಒಂದು ಕಾರ್ಡು ಬರೆಯೋಕೆ ನಂಗೆ ಮೇಷ್ಟ್ರು ಬೇಕೇನಮ್ಮ?" ಅಂತ ನಾನೇ ಹೋಗಿ ಡಬ್ಬಕ್ಕೆ ಹಾಕಿದೆ. (ಜಂಬ, ಇನ್ನೇನು?)

ಬುಧವಾರ ಬಂತು. ಜಮಖಾನ ಹಾಸಿ ಕೂತಿದ್ದೆವು. ಹನ್ನೆರಡಾಯ್ತು, ಯಾರೂ ಇಲ್ಲ. ಸಾವಿತ್ರಿ ಹೂ ತೆಗೆದು ನೀರಿನ ಬಟ್ಟಲಿಗೆ ಹಾಕಿದಳು. ನನ್ನ ಕಡೆ ನೋಡಲಿಲ್ಲ.

ಮೂರು ಗಂಟೆ ಬಸ್ಸಿಗೆ ಒಬ್ಬರೇ ಇಳಿದರು. ಗಂಡಿನ ತಾಯಿ. ಕೈಚೀಲದಲ್ಲಿ ಆರು ಮೂಸಂಬಿ, ಒಂದು ಬಾಟಲಿ ಕಷಾಯ.

"ಎಲ್ಲಪ್ಪ ಹುಡುಗಿ? ಎದ್ದು ಓಡಾಡ್ತಾಳಾ?"

"ಯಾಕಮ್ಮ? ಅವಳಿಗೇನಾಗಿದೆ?"

"ನಾಲ್ಕನೇ ಸಲ ಜ್ವರ ಅಂತ ನೀನೇ ಬರೆದಿದ್ದೀಯಲ್ಲಪ್ಪ! ನಮ್ಮೆಜಮಾನ್ರು, ರೋಗಿಷ್ಠೆ ಹುಡುಗಿ, ಬೇಡ ಬಿಡು ಅಂದ್ರು. ಜ್ವರದಲ್ಲಿ ಮಲಗಿರೋ ಹುಡುಗೀನ ನೋಡ್ದೆ ಹೆಂಗಪ್ಪ ಬೇಡ ಅನ್ನೋದು? ಎರಡು ಬಸ್ ಬದಲಾಯಿಸಿ ಬಂದೆ."

ನನಗೆ ನೆಲ ಬಿರಿದರೆ ಸಾಕಾಗಿತ್ತು. ಸಾವಿತ್ರಿ ಮಾತ್ರ ಅವರ ಕೈ ಹಿಡಿದು ಹುಳುಮನೆಗೆ ಕರೆದೊಯ್ದಳು. ತಟ್ಟೆ ತುಂಬ ಹುಳು, ತಲೆ ಎತ್ತಿಕೊಂಡು, ಅಲ್ಲಾಡದೆ.

"ಜ್ವರ ಇವಕ್ಕೆ, ಅತ್ತೆ. ಮಲಗಿದಾವೆ," ಅಂದಳು ಮೆತ್ತಗೆ. ಅತ್ತೆ ಅನ್ನೋ ಮಾತು ಬಾಯಿತಪ್ಪಿ ಬಂದಿತ್ತು.

ಆಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಹುಳು ಎದ್ದಾವು ಅಂತ ಸದ್ದಿಲ್ಲದೆ. ಕಣ್ಣಲ್ಲಿ ನೀರು ಬರೋವರೆಗೆ. ಆಮೇಲೆ ಅಲ್ಲೇ ಕೂತು ಮೂಸಂಬಿ ಸುಲಿದು ಸಾವಿತ್ರಿಗೆ ತಿನ್ನಿಸಿದರು. ಕಷಾಯ ನನಗೆ ಕುಡಿಸಿದರು. "ನಿನಗೇ ಬೇಕಾಗಿರೋದು," ಅಂದರು.

ಹೊರಡುವಾಗ ಗೋಡೆ ಮುಂದೆ ನಿಂತು ಕೇಳಿದರು: "ಗೂಡು ಬಿಡಿಸಿದ ಮೇಲಿನ ಸೋಮವಾರ ಖಾಲಿ ಇದೆಯಲ್ಲ? ನಮ್ಮೆಜಮಾನ್ರನ್ನ ನಾನು ಕರ್ಕೊಂಡು ಬರ್ತೀನಿ. ಬರ್ಕೋ."

ಬರ್ಕೊಂಡೆ. ಬಂದರು. ತಾಂಬೂಲ ಆಯ್ತು, ಮದುವೆ ದಿನಾನೂ ಗೊತ್ತಾಯ್ತು.

ಈಗ ನನ್ನ ಹತ್ತಿರ ಹುಳುಮನೆ ಒಂದು, ತಟ್ಟೆ ಅರವತ್ತು, ಚಂದ್ರಿಕೆ ನಲವತ್ತು. ಕಾರ್ಡು ಡಬ್ಬಕ್ಕೆ ಹಾಕೋ ಮುಂಚೆ ಓದೋ ತಂಗಿ ಒಬ್ಬಳು, ಅದೂ ಬರೋ ತಿಂಗಳವರೆಗೆ.