ಎಲೆತೋಟಕ್ಕೆ ಬೂಟು ಬಂದ ದಿನ

ಸವಣೂರಿನ ಮೃಣಾಲಿನಿ ಆಚಾರ್ಯರ ಮನೆತನದ ಹೆಣ್ಣುಮಗಳು. ನಗುಮುಖ, ಮೆಲುಮಾತು. ಆ ನಗು ನಂಬಿದವರು ಕೆಟ್ಟರು. ಆರು ವರ್ಷ ಆಕೆ ಒಬ್ಬನ ಮೇಲೆ ಹಲ್ಲು ಮಸೆದಳು. ನನ್ನನ್ನು ಕೇಳಿದರೆ ಅದೂ ಕಡಿಮೆಯೇ.

ಆತ ಆಕೆಯ ಪಿಎಚ್‌.ಡಿ. ಗೈಡ್, ಡಾ. ಜಯತೀರ್ಥ. ವೀಳ್ಯದೆಲೆ ಬಳ್ಳಿಯ ಬುಡ ಕೊಳೆಸುವ ರೋಗದ ಪಂಡಿತ. ದೂರದೂರಿನಿಂದ ರೋಗಾಣು ತರಿಸಿ ಪ್ರಯೋಗದ ತಾಕಿನಲ್ಲಿ ಸಾಕಿದ್ದ. ಒಂದು ದಿನ ಆ ತಾಕಿನ ಕೆಸರು ಮೆತ್ತಿದ ಬೂಟಿನಲ್ಲೇ, ಊರವರಿಗೆಲ್ಲ ನಾಟಿಬಳ್ಳಿ ಕೊಡುತ್ತಿದ್ದ ಸವಣೂರಿನ ಮುದುಕಿ ಶೇಖವ್ವನ ಎಲೆತೋಟಕ್ಕೆ ಬಂದ. ಎಲೆತೋಟಕ್ಕೆ ಕಾಲು ತೊಳೆದು ಬರಿಗಾಲಲ್ಲಿ ಹೋಗುವುದು ಇಲ್ಲಿನ ಪದ್ಧತಿ. ಜೊತೆಗಿದ್ದ ಮೃಣಾಲಿನಿ ಹಾಗೇ ಮಾಡಿದಳು.

"ಬೂಟು ಬಿಡ್ರಿ ಸಾಹೇಬ್ರ, ಬಳ್ಳಿ ಮೈಲಿಗಿ ತಡಿಯಂಗಿಲ್ಲ," ಎಂದಳು ಶೇಖವ್ವ.

ಮೂಢನಂಬಿಕೆ ಎಂದು ನಕ್ಕು ಆತ ಒಳಗೆ ನಡೆದ.

ಆ ಮಳೆಗಾಲದಲ್ಲೇ ತೋಟ ಕೊಳೆಯಿತು, ನೆರೆಯವರದೂ ಕೊಳೆಯಿತು. ಶೇಖವ್ವ ಕೊಟ್ಟ ನಾಟಿಬಳ್ಳಿಯಿಂದಲೇ ರೋಗ ಹುಟ್ಟಿತೆಂದು ಜಯತೀರ್ಥ ವರದಿ ಬರೆದ. ಊರವರು ಆಕೆಯ ಬಳ್ಳಿ ಬಿಟ್ಟರು, ಮಾತೂ ಬಿಟ್ಟರು. ತನ್ನ ಪದವಿ ಆತನ ಸಹಿಯ ಮೇಲೆ ನಿಂತಿದ್ದರಿಂದ ಮೃಣಾಲಿನಿ ತುಟಿ ಬಿಚ್ಚಲಿಲ್ಲ.

ಪದವಿ ಕೈಗೆ ಬಂದದ್ದೇ ತಡ, ಬೇರೆ ಕಡೆ ಪೋಸ್ಟ್‌ಡಾಕ್ ಸಂಶೋಧನೆಗೆ ಸೇರಿ ಆ ರೋಗಾಣುವಿನ ವಂಶಾವಳಿ ಹಿಡಿದು ಕುಳಿತಳು. ರೋಗಾಣುವೂ ತಲೆಮಾರಿಗಿಷ್ಟು ಬದಲಾಗುತ್ತದೆ. ಯಾವುದು ಯಾವುದರ ಸಂತಾನವೆಂದು ಪತ್ತೆ ಹಚ್ಚಬಹುದು. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರ ತಿರುಗಿ ಕೊಳೆತ ಬಳ್ಳಿ ಹೊತ್ತು ತಂದು, ಶೇಖವ್ವನ ತೋಟದ ಮತ್ತು ಜಯತೀರ್ಥನ ತಾಕಿನ ರೋಗಾಣುವಿನೊಂದಿಗೆ ಹೋಲಿಸಿದಳು. ಶೇಖವ್ವನ ತೋಟದ ರೋಗ ಜಯತೀರ್ಥನ ತಾಕಿನ ಕೂಸೇ ಎಂದು ಗೊತ್ತಾದ ದಿನ ಒಬ್ಬಳೇ ಕುಣಿದಳು.

ಹೋದ ತಿಂಗಳು ಸವಣೂರಿನ ಎಲೆ ಬೆಳೆಗಾರರ ಸಭೆಗೆ ಜಯತೀರ್ಥನೇ ಮುಖ್ಯ ಅತಿಥಿ. ಆತನಿಗೆ ಹಾರ ಬೀಳುವವರೆಗೂ ಕಾದು, ಮೃಣಾಲಿನಿ ಪರದೆಯ ಮೇಲೆ ವಂಶಾವಳಿ ಬಿಟ್ಟಳು.

"ಶೇಖವ್ವನ ತೋಟಕ್ಕ ರೋಗ ತಂದಿದ್ದು ನಮ್ಮ ಸರ್ ಅವ್ರ ಬೂಟ್ರಿ."

ಜಯತೀರ್ಥ ಕೆರಳಿದ. "ನೀನೂ ಅವತ್ತ ನನ್ನ ಜೊತಿಗೇ ಇದ್ದಿ. ನಿನ್ನ ಕಾಲಿಂದ ಯಾಕ ಬಂದಿರಬಾರ್ದು?"

ಸಭೆ ಶೇಖವ್ವನತ್ತ ತಿರುಗಿತು. ಆಕೆ ಎದ್ದು ನಿಂತಳು.

"ಈಕಿ ಕಾಲು ತೊಳಕೊಂಡ ಬಂದಿದ್ಲು. ಬೂಟಿನವ್ರು ಇವ್ರ."

ಜಯತೀರ್ಥ ಹಾರ ಕಿತ್ತಿಟ್ಟು ಹೊರಟ. ಕಳಿಸಿಕೊಡಲು ಯಾರೂ ಏಳಲಿಲ್ಲ. ಮಾಡಿದ್ದುಣ್ಣೋ ಮಹಾರಾಯ! ಗೆದ್ದ ಮೃಣಾಲಿನಿ ಶೇಖವ್ವನ ಕೈ ಹಿಡಿಯಲು ಹೋದಳು. ಮುದುಕಿ ಕೈ ಎಳೆದುಕೊಂಡಳು.

"ಯವ್ವಾ, ಬೂಟಿನ ಸುದ್ದಿ ನಿನಗ ಅವತ್ತ ಗೊತ್ತಿತ್ತು. ಆರು ವರ್ಷ ಸುಮ್ಮನಿದ್ದಿ. ಅವ್ರ ಹೆಸರು ಹೇಳಿದ್ಯಲ್ಲ, ಈಗ ನಿಂದೂ ಹೇಳು. ಮೈಕ್ ಇನ್ನೂ ಚಾಲೂ ಐತಿ."