ಬಲಗೈ ಎತ್ತಿದಾಗ ಮೂರು ಊರುಗಳು ಕಂಡದ್ದು

ನನ್ನ ಬಲಗೈಗೆ ಒಂದು ಕೆಟ್ಟ ಚಾಳಿಯಿದೆ. ಸೈಕಲ್ ಮೇಲೆ ಹೋಗುವಾಗ ಎದುರಿಗೆ ಮೋಟಾರು ಬಂದರೆ, ಟಾಂಗಾ ಬಂದರೆ, ಕಡೆಗೆ ಮೇವಿನ ಚಕ್ಕಡಿ ಬಂದರೂ ಅದು ಹಿಡಿಕೆ ಬಿಟ್ಟು ಮೇಲೆದ್ದು ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಏನನ್ನು ಹುಡುಕುತ್ತದೆ ಎಂದು ತಿಳಿಯಲು ನನಗೇ ಬಹಳ ದಿನ ಹಿಡಿಯಿತು. ಮೂವತ್ತು ವರ್ಷ ಮೂಡಲಗಿಯ ಪೇಟೆಯಲ್ಲಿ ಹೊಲಿಗೆ ಮಶೀನಿನ ಮುಂದೆ ಕೂತವನು ನಾನು. ಮಶೀನು ನಿಲ್ಲಿಸಬೇಕಾದರೆ ಬಲಗೈ ಎತ್ತಿ ಬಾಜೂಕ್ಕಿರುವ ಗಾಲಿಯ ಮೇಲೆ ಅಂಗೈ ಇಟ್ಟರಾಯಿತು, ಸೂಜಿ ಇದ್ದಲ್ಲೇ ನಿಲ್ಲುತ್ತದೆ. ಸೈಕಲ್ ಕಲಿತದ್ದು ಐವತ್ತೆರಡನೇ ವಯಸ್ಸಿಗೆ. ಕಾಲುಗಳು ಬೇಗ ಕಲಿತವು. ತುಳಿಯುವುದು ಅವಕ್ಕೆ ಹೊಸದಲ್ಲ. ಕೈ ಮಾತ್ರ ಕಲಿಯಲಿಲ್ಲ. ಹೆದರಿಕೆಯಾದ ಕೂಡಲೇ ಸೈಕಲ್ಲಿಗೂ ಬಲಗಡೆ ಒಂದು ಗಾಲಿ ಇದ್ದೀತೆಂದು ತಡಕಾಡುತ್ತದೆ. ಅದು ಹುಡುಕಿ ಮುಗಿಸುವಷ್ಟರಲ್ಲಿ ನಾನು ಎಡಗಡೆಯ ತಗ್ಗಿನಲ್ಲಿರುತ್ತೇನೆ.

ಹೀಗಾಗಿ ಯಾವ ಊರಿನ ಗಾಡಿಯವರು ಸೈಕಲ್ಲಿನವರನ್ನು ಮರ್ಯಾದೆಯಿಂದ ಕಾಣುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಈ ಕೈಯನ್ನೇ ಸಾಕ್ಷಿಗೆ ಕರೆಯಬೇಕು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನ ಸಾಕ್ಷಿ ಎಂದು ತಳ್ಳಿಹಾಕಬೇಡಿ. ಮೂಡಲಗಿ, ಗೋಕಾಕ, ಹುಕ್ಕೇರಿ ಈ ಮೂರೂ ಕಡೆ ಒಂದೇ ದಿನದಲ್ಲಿ ಕೈ ಎತ್ತಿ ಬಂದವನು ನಾನು.

ಅದು ಲಡಾಯಿಯ ಕಾಲ. ನನ್ನ ಒಬ್ಬಳೇ ಮಗಳು ನೀಲವ್ವನನ್ನು ಹುಕ್ಕೇರಿಗೆ ಕೊಟ್ಟಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ದೀಪಾವಳಿ ಮುಗಿಸಿ ಕರೆತರುವುದೆಂದು ಮಾತಾಗಿತ್ತು. ಕೂಸು ನಮ್ಮ ಮಾತಿಗೆ ಕಾಯಲಿಲ್ಲ. ಬೀಗರ ಕಾರ್ಡು ಬಂತು: ಹೆಣ್ಣು ಕೂಸು, ದಿನ ತುಂಬಿಲ್ಲ, ಅಂಗೈಯಷ್ಟಿದೆ, ಹತ್ತಿಯಲ್ಲಿ ಇಟ್ಟಿದ್ದೇವೆ, ಅಳುವುದು ಕಡಿಮೆ, ಹದಿಮೂರನೇ ದಿನ ತೊಟ್ಟಿಲಿಗೆ ಹಾಕುವ ವಿಚಾರವಿದೆ, ಬರುವುದು. ಟಪಾಲಿನಲ್ಲಿ ಎಲ್ಲಿ ಕೂತಿತ್ತೋ, ಕಾರ್ಡು ಕೈಗೆ ಸಿಕ್ಕಾಗ ಹನ್ನೊಂದನೇ ದಿನ.

ನಾನು ಓದಿ ಹೇಳಿದೆ. ನನ್ನ ಹೆಂಡತಿ ಗಂಗವ್ವ ಅಳಲಿಲ್ಲ. ಒಳಗೆ ಹೋಗಿ ಹಸಿರು ಖಣದ ಬಟ್ಟೆ ತಂದು ಮಶೀನಿನ ಮೇಲೆ ಇಟ್ಟಳು.

"ಕುಂಚಿಗಿ ಹೊಲೀರಿ" ಅಂದಳು.

ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಆ ಟೊಪ್ಪಿಗೆ ಮೊದಲ ಸಲ ತವರಿನಿಂದಲೇ ಬರಬೇಕು. ಸಾವಿರಾರು ಹೊಲಿದವನು ನಾನು. ಆದರೆ ಅಂಗೈಯಷ್ಟಿರುವ ಕೂಸಿಗೆ ಹೊಲಿದಿರಲಿಲ್ಲ.

"ಅಳತಿ?" ಎಂದು ಕೇಳಿದೆ.

"ವರ್ಷದ ಕೂಸಿಂದು ಹಿಡೀರಿ. ಬೆಳೀತಾಳ."

ಅಷ್ಟು ಹೇಳಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ವರ್ಷದ ಕೂಸಿನ ಅಳತೆಗೇ ಕತ್ತರಿ ಹಾಕಿದೆ. ಎರಡು ಸೂಜಿ ಮುರಿದವು. ಲಡಾಯಿಯ ಕಾಲದಲ್ಲಿ ಸೂಜಿ ಮುರಿದರೆ ಬೈಯುವ ನಾನು ಆ ದಿನ ಬೈಯಲಿಲ್ಲ.

ಪೆಟ್ರೋಲು ಸಿಗದೆ ಇದ್ದಲಿಯ ಹೊಗೆಯ ಮೇಲೆ ಓಡುತ್ತಿದ್ದ ನಮ್ಮೂರ ಮೋಟಾರು ಬಸ್ಸು ಆ ವಾರ ಕೆಟ್ಟು ನಿಂತಿತ್ತು. ಚಕ್ಕಡಿಯಲ್ಲಿ ಹೋದರೆ ತೊಟ್ಟಿಲ ಹೊತ್ತು ತಪ್ಪುತ್ತದೆ. ಉಳಿದದ್ದು ಸೈಕಲ್. ಕೋಳಿ ಕೂಗುವ ಹೊತ್ತಿಗೆ ಗಂಗವ್ವ ಕುಂಚಿಗಿಯ ಗಂಟನ್ನು ಹಿಂದಿನ ಕ್ಯಾರಿಯರಿಗೆ ಬಿಗಿದು ಕಟ್ಟಿದಳು.

"ಗೋಕಾಕದಾಗ ಬಾಣಂತಿಗೆ ಕರದಂಟ ತಗೋರಿ, ಮರೀಬ್ಯಾಡ್ರಿ. ಮತ್ತ ಮೋಟಾರ ಬಂದ್ರ ಕೈ ಎತ್ತಬ್ಯಾಡ್ರಿ."

"ಎತ್ತೂದು ನಾ ಅಲ್ಲ, ಕೈ."

"ಹಂಗಾರ ಅದಕ್ಕ ಹೇಳ್ರಿ."

ಹೇಳಿದೆ. ಅದು ಕೇಳಲಿಲ್ಲ. ಊರು ದಾಟುತ್ತಿದ್ದಂತೆ ಎದುರಿಗೆ ಒಂದು ಚಕ್ಕಡಿ. ನಮ್ಮ ಮೂಡಲಗಿಯ ಚಕ್ಕಡಿಯವರು ನಸುಕಿನಲ್ಲಿ ಮಲಗಿರುತ್ತಾರೆ. ದಾರಿ ನೋಡುವ ಕೆಲಸ ಎತ್ತುಗಳದು. ಎತ್ತುಗಳು ಒಳ್ಳೆಯವು, ತಾವೇ ಬದಿಗೆ ಸರಿಯುತ್ತವೆ. ಆದರೆ ಕೈ ಎದ್ದಿತು. ಅದೇ ಹೊತ್ತಿಗೆ ಎಚ್ಚರಾದ ಚಕ್ಕಡಿಯವನಿಗೆ ನಾನು ಶರಣು ಮಾಡಿದಂತೆ ಕಂಡಿತು. ಹಿರಿಯರು ಮೊದಲು ಶರಣು ಮಾಡಿದರೆ ಅವನು ಸುಮ್ಮನಿರುವುದುಂಟೇ? "ಶರಣ್ರಿ, ಟೇಲರ ಕಾಕಾ" ಎಂದು ಎರಡೂ ಕೈ ಜೋಡಿಸಿದ. ಹಗ್ಗ ಕೈಬಿಟ್ಟಿತು. ಎತ್ತುಗಳು ನೆಟ್ಟಗೆ ನನ್ನ ಕಡೆಗೇ ಬಂದವು, ನಾನು ಎಡಗಡೆಯ ತಗ್ಗಿಗೆ ಇಳಿದೆ. ಮೂಡಲಗಿಯವರ ಮರ್ಯಾದೆಯಲ್ಲಿ ಕೊರತೆ ಹುಡುಕಲಾರೆ. ಆದರೆ ಅದರಿಂದ ಜೀವ ಉಳಿಸಿಕೊಳ್ಳುವುದು ಸೈಕಲ್ಲಿನವನ ಜವಾಬ್ದಾರಿ.

ಗೋಕಾಕದಲ್ಲಿ ಕರದಂಟು ಕೊಂಡು ಪೇಟೆ ದಾಟುವಾಗ ಎದುರಿನಿಂದ ಮೋಟಾರು ಬಂತು. ಅದರ ಮೂಗು ಕಂಡದ್ದೇ ತಡ, ಕೈ ಹೋಯಿತು ಮೇಲಕ್ಕೆ. ಮೋಟಾರು ಕಿರುಗುಟ್ಟಿ ನಿಂತಿತು. ಅದರ ಬಾಗಿಲಿಗೆ ನೇತಾಡುತ್ತಿದ್ದವನು ಜಿಗಿದು ಬಂದು, "ಯಾವೂರಿಗ್ರಿ? ಸೈಕಲ್ ಮ್ಯಾಲ ಕಟ್ಟತೇವಿ, ಹತ್ರಿ ಲಗೂ" ಅಂದ.

"ನಾ ಹತ್ತಾಂವ ಅಲ್ಲಪ್ಪ. ನಾ ಆ ಕಡೆ ಹೊಂಟಾಂವ."

ಡ್ರೈವರು ತಲೆ ಹೊರಗೆ ಹಾಕಿದ. "ಮತ್ಯಾಕ ಕೈ ಮಾಡಿದ್ರಿ, ಅಜ್ಜಾರ?"

"ಹೆದರಿ ಮಾಡೀನಿ."

"ಹೆದರಿದಾವ್ರು ಕೈ ಮುಗೀತಾರ್ರಿ. ನೀವು ಫೌಜದಾರರಂಗ ಎತ್ತೀರಿ."

ಮೋಟಾರಿನ ತುಂಬ ಜನ ನಕ್ಕರು. ನನಗಾಗಿ ನಿಂತದ್ದು ನಿಜ, ನನ್ನನ್ನು ನೋಡಿ ನಕ್ಕದ್ದೂ ನಿಜ. ಗೋಕಾಕದವರು ಎರಡನ್ನೂ ಕೂಡಿಸಿಯೇ ಕೊಡುತ್ತಾರೆ, ಒಂದನ್ನು ಬಿಟ್ಟು ಒಂದನ್ನು ತೆಗೆದುಕೊಳ್ಳಲಾಗದು.

ನಮ್ಮ ಮಠದಲ್ಲಿ ಪುರಾಣ ಕೇಳುವಾಗ ನನಗೊಂದು ಸಂಶಯ ಬರುವುದುಂಟು. ಕೈಲಾಸದಲ್ಲಿ ತಂದೆಗೆ ನಂದಿ, ತಾಯಿಗೆ ಸಿಂಹ, ಒಬ್ಬ ಮಗನಿಗೆ ನವಿಲು, ಇನ್ನೊಬ್ಬನಿಗೆ ಇಲಿ. ಇಕ್ಕಟ್ಟಾದ ಓಣಿಯಲ್ಲಿ ಎದುರುಬದರಾದರೆ ಯಾರು ಬದಿಗೆ ಸರಿಯುತ್ತಾರೆ? ಪುರಾಣ ಹೇಳುವ ಅಯ್ಯನವರನ್ನು ಕೇಳಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮುಂದಿನ ಅಧ್ಯಾಯಕ್ಕೆ ಹೋದರು. ಇಲಿಯೇ ಸರಿದಿರಬೇಕು. ಸೈಕಲ್ ಹತ್ತಿದ ಮೇಲೆ ನನಗೆ ಇಲಿಯ ಕಷ್ಟ ತಿಳಿಯಿತು.

ಘಟಪ್ರಭಾಕ್ಕೆ ಬಂದಾಗ ಸರಿಯಾಗಿ ರೈಲಿನ ಹೊತ್ತು. ಟಾಂಗಾಗಳು ಸ್ಟೇಷನ್ನಿಗೆ ನುಗ್ಗುತ್ತಿದ್ದವು. ಎತ್ತಿದ ಕೈ ನೋಡಿ ಗಿರಾಕಿ ಎಂದು ಎರಡು ಟಾಂಗಾಗಳು ಎರಡೂ ಕಡೆಯಿಂದ ಹೊರಳಿದವು. "ನನ್ನ ಕರದಾರ." "ನನ್ನ ನೋಡಿ ಕರದಾರ." ಅವರು ಜಗಳಾಡುತ್ತಿದ್ದಾಗ ಗಿರಾಕಿ ಗಟಾರದಲ್ಲಿದ್ದ. ಗಂಟು ದೂರ ಬಿದ್ದಿತ್ತು. ಅವರಲ್ಲಿ ಹಿರಿಯನಾದ ಟಾಂಗಾದವನು, ಬಿಳಿ ಗಡ್ಡದವನು, ಇಳಿದು ಬಂದು ಗಂಟಿನ ಧೂಳು ಝಾಡಿಸಿದ. ಹಸಿರು ಖಣದ ಅಂಚು ಹೊರಗೆ ಬಂದಿತ್ತು.

"ಕುಂಚಿಗಿ ಏನ್ರಿ?"

"ಮೊಮ್ಮಗಳಿಗೆ. ದಿನಾ ತುಂಬಿಲ್ಲ" ಅಂದೆ. ಹೊರಗಿನವರಿಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೊಣಕಾಲು ಒಡೆದು ರಕ್ತ ಬರುತ್ತಿತ್ತು; ಅದರ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಅವನು ಸೊಟ್ಟಾದ ಹಿಡಿಕೆಯನ್ನು ತೊಡೆಯ ನಡುವೆ ಹಿಡಿದು ನೆಟ್ಟಗೆ ಮಾಡಿದ. "ನನ್ನ ಮಗಳೂ ಏಳ ತಿಂಗಳಕ್ಕ ಹುಟ್ಟಿದಾಕಿ, ಭಾಯಿ. ಈಗ ಕುದರಿಗೂ ಹೆದರೂದಿಲ್ಲ, ನನಗೂ ಹೆದರೂದಿಲ್ಲ. ಹೋಗ್ರಿ, ಸಾವಕಾಶ ಹೋಗ್ರಿ." ಅಷ್ಟರಲ್ಲಿ ರೈಲು ಬಂದು ಅವನ ಗಿರಾಕಿಗಳು ಬೇರೆಯವರ ಟಾಂಗಾ ಹತ್ತಿದ್ದರು.

ಯಮಕನಮರಡಿಯ ದೊಡ್ಡ ರಸ್ತೆಯಲ್ಲಿ ಲಷ್ಕರದ ಲಾರಿಗಳು ಹೋಗುತ್ತವೆಂದು ಕೇಳಿದ್ದೇನೆ. ಊರಿನ ಹೆಸರಿನಲ್ಲೇ ಯಮ ಇರುವಾಗ ಆ ಕಡೆ ಹೋಗಿ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ. ಘೋಡಗೇರಿಯ ದಾರಿಯೇ ಹಿಡಿದೆ. ಘೋಡಗೇರಿ ದಾಟಿದ ಮೇಲೆ ಗಾಡಿಗಳ ಹೆದರಿಕೆ ತಾನಾಗಿಯೇ ಹಿಂದೆ ಉಳಿಯಿತು. ಅದಕ್ಕಿಂತ ದೊಡ್ಡದು ಮುಂದೆ ಕೂತಿತ್ತು. ಹುಕ್ಕೇರಿ ಹತ್ತಿರವಾದಷ್ಟೂ ಕಾಲು ನಿಧಾನವಾದವು. ಕಾರ್ಡು ಬರೆದು ಎಷ್ಟು ದಿನವಾಯಿತು? ಅಳುವುದು ಕಡಿಮೆ ಎಂದಿದ್ದರು. ಆಮೇಲೆ?

ಊರ ಹೊರಗೆ ಮತ್ತೊಂದು ಚಕ್ಕಡಿ, ಮತ್ತೆ ಎದ್ದ ಕೈ. ಹುಕ್ಕೇರಿಯವನು ನಾನು ದಾರಿ ಕೇಳುತ್ತಿದ್ದೇನೆಂದು ತಿಳಿದ. ಚಕ್ಕಡಿ ನಿಲ್ಲಿಸಿ, ಕೆಳಗಿಳಿದು, ಯಾವ ಊರು, ಯಾರ ಪೈಕಿ, ಯಾರ ಮನೆಗೆ ಎಂದೆಲ್ಲ ಕೇಳಿದ. ಹೇಳಿದೆ.

"ಓ, ಅವರ ಮನೀಗೇನ್ರಿ. ಅಲ್ಲಿ ಕೂಸ ಹುಟ್ಟೇತಿ ಅಂದಿದ್ರು."

ನಾನು ಅವನ ಬಾಯನ್ನೇ ನೋಡಿದೆ.

"ಮುಂದಿಂದು ಗೊತ್ತಿಲ್ರಿ" ಅಂದ.

ಒಳ್ಳೆಯ ಮನುಷ್ಯ, ಓಣಿಯ ತಿರುವಿನವರೆಗೂ ಬಂದು ದಾರಿ ತೋರಿಸಿದ. ಆದರೆ ಆ ಒಂದು ಮಾತಿನಷ್ಟು ಜೋರಾಗಿ ಯಾವ ಮೋಟಾರೂ ನನ್ನ ಮೈಮೇಲೆ ಬಂದಿರಲಿಲ್ಲ. ಸೈಕಲ್ ನೂಕಿಕೊಂಡೇ ನಡೆದೆ. ದೀಪ ಹಚ್ಚುವ ಹೊತ್ತು. ಬೀಗರ ಕಟ್ಟೆಯ ಮೇಲೆ ನಾಲ್ಕು ಜನ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂತ ಜನರನ್ನು ಕಂಡು ನನ್ನ ಕಾಲು ಅಲ್ಲಿಯೇ ನಿಂತವು.

ಬೀಗಿತಿ ಹೊರಗೆ ಬಂದರು. "ಬರ್ರಿ ಬೀಗರ. ಅಯ್ಯ, ಮೊಣಕಾಲ ಏನ ಮಾಡ್ಕೊಂಡೀರಿ? ಸಾವಕಾಶ ಮಾತಾಡ್ರಿ, ಈಗ ಮಲಗ್ಯಾಳ. ನಾಕ ದಿನಾತು ಒಂದ ಸವನ ಅಳಾಕತ್ತಾಳ, ಮನ್ಯಾಗ ಯಾರಿಗೂ ನಿದ್ದಿ ಇಲ್ಲ."

ನನ್ನ ಜನ್ಮದಲ್ಲಿ ಇಷ್ಟು ಸವಿಯಾದ ದೂರನ್ನು ಯಾರೂ ಹೇಳಿರಲಿಲ್ಲ. ಕಟ್ಟೆಯ ಮೇಲಿನವರು ಸುಮ್ಮನಿದ್ದದ್ದು ಕೂಸು ಎದ್ದೀತೆಂಬ ಹೆದರಿಕೆಗೆ. ನಾನು ಅಲ್ಲಿಯೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಗು ಬಂತು, ಅಳು ಬಂತು, ಎರಡನ್ನೂ ಧೋತರದ ಚುಂಗಿನಲ್ಲಿ ಮುಚ್ಚಿಕೊಂಡೆ. ಒಳಗೆ ಕರೆದು ಕೂಸನ್ನು ಕೈಗೆ ಕೊಟ್ಟರು. ಬೆಚ್ಚಗಿನ ಒಂದು ಬೆಲ್ಲದಚ್ಚಿನಷ್ಟು ಭಾರ. ಹೆದರಿಕೆ ಇದ್ದೇ ಇತ್ತು, ಆದರೆ ಬಲಗೈ ಇದ್ದಲ್ಲಿಂದ ಏಳಲಿಲ್ಲ. ಕುಂಚಿಗಿ ಹೊದಿಸಿದರೆ ಕೂಸೇ ಕಾಣದು. ನೀಲವ್ವ ಹಾಸಿಗೆಯಿಂದಲೇ ನಕ್ಕಳು. "ಅಪ್ಪಾ, ಇದರಾಗ ಇಂಥಾವ್ರು ಮೂರು ಮಂದಿ ಹಿಡೀತಾರ." ಹಿಡಿಯಲಿ ಎಂದುಕೊಂಡೆ.

ಮೂರು ತಿಂಗಳ ಮೇಲೆ ತಾಯಿ ಮಗಳನ್ನು ಕಮಾನು ಕಟ್ಟಿದ ಚಕ್ಕಡಿಯಲ್ಲಿ ಮೂಡಲಗಿಗೆ ಕರೆತಂದೆವು. ಮುಂದೆ ಸೈಕಲ್ ಮೇಲೆ ನಾನು. ಅಂದು ಕೈಯನ್ನು ನಾನೇ ಬೇಕೆಂದು ಎತ್ತಿದೆ. "ಕೂಸೈತಿ, ಸಾವಕಾಶ" ಎಂದು ಕೂಗಿದರೆ ಟಾಂಗಾ ನಿಂತಿತು, ಚಕ್ಕಡಿಗಳು ಹೊಲಕ್ಕೆ ಇಳಿದವು, ಒಂದು ಮೋಟಾರಂತೂ ಹಾರನ್ನು ನಿಲ್ಲಿಸಿ ಕಳ್ಳನಂತೆ ಸರಿದುಹೋಯಿತು. ಇಂಥ ಜನ ಭೂಮಿಯ ಮೇಲೆ ಬೇರೆಲ್ಲೂ ಇರಲಾರರೆಂದು ನನಗೆ ಹಿಗ್ಗು.

ಮೂಡಲಗಿ ಇನ್ನೇನು ಬಂತೆನ್ನುವಾಗ ಎದುರಿಗೆ ಸೈಕಲ್ ಮೇಲೆ ಒಬ್ಬ ಮುದುಕ. ಹಿಂದೆ ಗಂಟು, ಮುಂದೆ ನಡುಗುವ ಹಿಡಿಕೆ. "ಬಾಜೂ ಸರೀರಿ" ಎಂದು ಗದರಿದೆ. ಅವರಿಗೆ ಇಳಿಯಲು ಬರುತ್ತಿರಲಿಲ್ಲ, ಅದು ನನಗೆ ನೋಡಿದ ಕೂಡಲೇ ತಿಳಿಯಿತು. ನೆಟ್ಟಗೆ ಜಾಲಿಯ ಕಂಟಿಗೆ ಹೋದರು.

"ಅಪ್ಪಾ, ಯಾರೋ ಬಿದ್ರಲ್ಲ" ಎಂದಳು ನೀಲವ್ವ ಚಕ್ಕಡಿಯೊಳಗಿಂದ.

"ಏಳ್ತಾರ ಬಿಡ" ಅಂದೆ. ಕೂಸಿಗೆ ಬಿಸಿಲು ತಾಕೀತೆಂದು ನಿಲ್ಲಲಿಲ್ಲ.

ಹಿಂದಿರುಗಿ ನೋಡಿದಾಗ ಅವರು ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಹುಡುಕುತ್ತಿದ್ದರು. ಯಾವ ಊರಿನವರೋ, ಯಾರ ಮನೆಗೆ ಹೊರಟಿದ್ದರೋ, ಗಂಟಿನಲ್ಲಿ ಏನಿತ್ತೋ, ಕೇಳಲಿಲ್ಲ. ಈಗ ತಮ್ಮ ಊರಿನಲ್ಲಿ ಮೊಣಕೈಯ ಗಾಯದ ಗುರುತು ತೋರಿಸುತ್ತ, "ಮೂಡಲಗಿಯವರ ಸುದ್ದಿ ಬ್ಯಾಡ್ರಿ, ಅದರಾಗೂ ಮುದುಕರು" ಎಂದು ಹೇಳುತ್ತಿರಬಹುದು. ನಿಮಗೆಲ್ಲಾದರೂ ಅವರು ಸಿಕ್ಕು ಹಾಗೆ ಹೇಳಿದರೆ, ನಂಬಿರಿ. ಅವರ ಮಾತು ಖರೆ.