ಹೆಣ್ಣುಮಕ್ಕಳ ಶಾಲೆಯ ಫಲಿತಾಂಶದ ಹಲಗೆ

ಗಂಡನಿಗೆ ವರ್ಗವಾಗಿ ಕಾಶಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಶಿವಾಲ ಎಂಬ ಓಣಿಯ ನಮ್ಮ ಬಾಡಿಗೆ ಮನೆಯ ಎದುರಿಗೆ ಸರ್ಕಾರಿ ಹೆಣ್ಣುಮಕ್ಕಳ ಶಾಲೆ. ಒಂದು ಬೆಳಿಗ್ಗೆ ಕಿಟಕಿ ತೆರೆದರೆ, ಆ ಶಾಲೆಯ ಗೋಡೆಯನ್ನು ಹತ್ತಾರು ಗಂಡಸರು ಹತ್ತುತ್ತಿದ್ದರು. ಒಬ್ಬ ನೀರಿನ ಪೈಪು ಹಿಡಿದು ಮೇಲಿನ ಮಹಡಿಯ ಕಿಟಕಿಗೆ ಕೈ ಹಾಕಿದ್ದ.

"ಏನ್ರೀ, ಬರ್ರಿ ಇಲ್ಲೆ, ಸಾಲಿಗೆ ಬೆಂಕಿ ಬಿದ್ದೈತಿ!" ಎಂದು ಕೂಗಿದೆ.

ನನ್ನ ಗಂಡ ಬಂದು ನೋಡಿ ನಕ್ಕರು. "ಬೆಂಕಿ ಅಲ್ಲ ಹುಚ್ಚಿ, ಮ್ಯಾಟ್ರಿಕ್ ಪರೀಕ್ಷಾ ನಡದೈತಿ."

ಗೋಡೆ ಹತ್ತಿದವರು ಒಳಗೆ ಕೂತ ಹುಡುಗಿಯರ ಅಣ್ಣಂದಿರು, ಮಾವಂದಿರು. ಉತ್ತರ ಬರೆದ ಚೀಟಿಗಳನ್ನು ತಲುಪಿಸುತ್ತಿದ್ದರು. ಇದಕ್ಕೆ ಇಲ್ಲಿ 'ನಕಲ್' ಎನ್ನುತ್ತಾರೆ. ಹಾಲು ತರುವ ಹಾಗೆ, ನಲ್ಲಿಗೆ ಪಾಳಿ ಹಚ್ಚುವ ಹಾಗೆ, ಅದೂ ಮನೆಮಂದಿಯ ಒಂದು ಕೆಲಸ. ಬೇಸಿಗೆಯಲ್ಲಿ ಶಾಲೆಯ ಬಾಗಿಲಿಗೆ ಕರಿಹಲಗೆ ತೂಗುಹಾಕಿದರು. ಪರೀಕ್ಷೆಗೆ ಕೂತವರೆಷ್ಟು, ಪಾಸಾದವರೆಷ್ಟು ಎಂದು ಸುಣ್ಣದ ಕಡ್ಡಿಯಲ್ಲಿ ಬರೆದಿದ್ದರು. ಎರಡೂ ಅಂಕಿಗಳ ನಡುವೆ ಹೆಚ್ಚು ಅಂತರವಿರಲಿಲ್ಲ.

ಗದಗದಲ್ಲಿ ನಾನು ಕಲಿತ ಶಾಲೆಯಲ್ಲೂ ಇಂಥದೊಂದು ಹಲಗೆ ಇತ್ತು. ಅದರಲ್ಲಿ ಪಾಸಾದವರ ಹೆಸರಷ್ಟೇ ಇರುತ್ತಿತ್ತು, ಅರ್ಧ ಹಲಗೆ ಖಾಲಿಯೇ ಉಳಿಯುತ್ತಿತ್ತು. ನಾನು ಆ ಖಾಲಿ ಜಾಗದವಳು. ಗಣಿತದಲ್ಲಿ ಮೂರು ಸಲ ಹೋಯಿತು. ಅಪ್ಪ "ಸಾಕವ್ವ" ಎಂದು ಮದುವೆ ಮಾಡಿದರು.

ಕಾಶಿಗೆ ಬಂದ ಮರುವರ್ಷದ ಮಳೆಗಾಲದಲ್ಲಿ ನನ್ನ ಗಂಡ ಕಾಮಾಲೆಯಾಗಿ ತೀರಿಕೊಂಡರು. ಅವರಿಗಾಗ ಮೂವತ್ತೊಂಬತ್ತು. ಅವರನ್ನು ಸುಟ್ಟ ಹರಿಶ್ಚಂದ್ರ ಘಾಟು ಮನೆಯಿಂದ ಹತ್ತು ನಿಮಿಷದ ದಾರಿ. ತರಕಾರಿಗೆ ಹೋಗುವ ದಾರಿಯೂ ಅದೇ. ಊರಿಂದ ಬಂದ ನೆಂಟರು ಗಂಗೆಯಲ್ಲಿ ಮುಳುಗೆದ್ದು, ವಿಶ್ವನಾಥ ಗಲ್ಲಿಯಲ್ಲಿ ಬಳೆ, ಕುಂಕುಮ ಕೊಂಡು, ನನ್ನ ಮುಂದೆ ಕೂತು ಹೇಳಿದರು: "ಕಾಶ್ಯಾಗ ಹೋದ. ಪುಣ್ಯವಂತ ನೋಡು." ನಾನು ತಲೆಯಾಡಿಸಿದೆ. ಅವರ ಚೀಲದಲ್ಲಿ ಬಳೆಗಳು ಸದ್ದು ಮಾಡುತ್ತಿದ್ದವು.

ಗಂಡನ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಅನುಕಂಪದ ನೌಕರಿ ಕೊಡುತ್ತೇವೆಂದರು. ಅಲ್ಲಿಯ ಹಿರಿಯ ಗುಮಾಸ್ತರನ್ನು ಎಲ್ಲರೂ ಬಡೇ ಬಾಬು ಎಂದು ಕರೆಯುತ್ತಾರೆ. ಅವರು ವೀಳ್ಯ ಅಗಿಯುತ್ತ ಕೇಳಿದರು: "ಭಾಭೀಜಿ, ಹೈಸ್ಕೂಲ್ ಪಾಸಾ? ಪಾಸಾದರೆ ಕುರ್ಸಿ. ಇಲ್ಲದಿದ್ದರೆ ಘಡಾ."

ಹೈಸ್ಕೂಲ್ ಎಂದರೆ ಇಲ್ಲಿ ಮ್ಯಾಟ್ರಿಕ್, ಘಡಾ ಎಂದರೆ ಮಣ್ಣಿನ ಕೊಡ. ಕಚೇರಿಯಲ್ಲಿ ಎಲ್ಲರಿಗೂ ನೀರು ಕೊಡುವ ಕೆಲಸ. ಗುಮಾಸ್ತೆಯಾದರೆ ಮುಂದೆ ಹುಬ್ಬಳ್ಳಿಗೆ ವರ್ಗ ಕೇಳಬಹುದು. ನೀರಿನವಳಿಗೆ ವರ್ಗವಿಲ್ಲ, ಅವಳು ಸಾಯುವತನಕ ಇಲ್ಲಿಯೇ. ಮುಂದಿನ ಫಲಿತಾಂಶದವರೆಗೆ ಕಾಯುತ್ತೇವೆ ಎಂದರು.

ಅಣ್ಣ ಪತ್ರ ಬರೆದ: "ಅಲ್ಲಿ ಎಮ್ಮಿ ಕುಂದರಸಿದ್ರೂ ಪಾಸಾಗತೈತಿ ಅಂತಾರ. ಪರೀಕ್ಷಾ ಅಲ್ಲೇ ಕಟ್ಟು." ಇಲ್ಲಿ ಹೆಂಗಸರು ಗಣಿತದ ಬದಲು ಗೃಹವಿಜ್ಞಾನ ತೆಗೆದುಕೊಳ್ಳಬಹುದಿತ್ತು. ಆದರೆ ಹಿಂದಿ ತಪ್ಪಿಸುವಂತಿರಲಿಲ್ಲ. ಏಳನೆಯ ತರಗತಿಯಲ್ಲಿದ್ದ ಮಗಳು ವೀಣಾ ನನಗೆ ಮೇಷ್ಟ್ರಾದಳು. ಅವಳು ಆಗಲೇ ಅವ್ವ ಎನ್ನುವುದನ್ನು ಬಿಟ್ಟಿದ್ದಳು. "ಮಮ್ಮಿ, ಎಷ್ಟು ಸಲ ಹೇಳಬೇಕು? ಕುರ್ಚಿ ಹೆಣ್ಣು, ಮೇಜು ಹೆಣ್ಣು, ಮನೆ ಗಂಡು!" ಎಂದು ಹಿಂದಿಯಲ್ಲಿ ಗದರುತ್ತಿದ್ದಳು. ನಾನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದು ಕಲಿತೆ. ದುಃಖಕ್ಕೆ ಅದೊಂದು ಕೆಲಸವಾಯಿತು.

ಆ ವರ್ಷವೇ ಸರ್ಕಾರ ನಕಲನ್ನು ಅಪರಾಧವೆಂದು ಕಾನೂನು ಮಾಡಿತು. ಶಾಲೆಯ ಬಾಗಿಲಿಗೆ ಪೊಲೀಸರು ಬಂದರು. ಗೋಡೆಯ ಮೇಲೆ ಒಬ್ಬನೂ ಇರಲಿಲ್ಲ. ನನ್ನ ಮುಂದಿನ ಬೆಂಚಿನ ಹುಡುಗಿ ಮೂರು ತಾಸೂ ಖಾಲಿ ಹಾಳೆ ನೋಡುತ್ತ ಕೂತಳು. ನಾನು ಬರೆದೆ. ಬಂದಷ್ಟು ಬರೆದೆ.

ಇಲ್ಲಿ ಪಾಸಾದವರ ನಂಬರುಗಳು ದಿನಪತ್ರಿಕೆಯಲ್ಲಿ ಬರುತ್ತವೆ. ವೀಣಾ ಬೆರಳಿಟ್ಟು ಎರಡು ಸಲ ಹುಡುಕಿದಳು. "ಮಮ್ಮಿ, ನಹೀಂ ಹೈ."

ಹಿಂದಿಯಲ್ಲಿ ಮೂರು ಅಂಕ ಕಡಿಮೆ ಬಿದ್ದಿತ್ತು. ಎದುರಿನ ಹಲಗೆಯಲ್ಲಿ ಪಾಸಾದವರ ಅಂಕಿ ಕೈಬೆರಳಿನಲ್ಲಿ ಎಣಿಸುವಷ್ಟಿತ್ತು. ಓಣಿಯ ಮನೆಮನೆಯಲ್ಲೂ ಅಳು. ಮನೆಯೊಡತಿ ಪಂಡಿತಾಇನ್ ನನ್ನ ಪಕ್ಕ ಕೂತು, "ಬಿಟಿಯಾ, ಹೋದ ವರ್ಷ ಬರೆದಿದ್ದರೆ ನೀನೂ ಪಾಸು. ನಿನ್ನ ಗಂಡನೂ ಬದುಕಿದ್ದ" ಎಂದಳು. ಅವಳು ಮರುಕದಿಂದಲೇ ಹೇಳಿದ್ದು.

ನಾನು ಕೊಡ ಹಿಡಿದೆ. ಗಂಡನ ಮೇಜಿಗೆ ಗಾಜೀಪುರದ ಕಡೆಯ ಹೊಸ ಹುಡುಗ ಬಂದಿದ್ದ. ಅವನಿಗೂ ದಿನಕ್ಕೆ ನಾಲ್ಕು ಸಲ ನೀರು ಕೊಡುತ್ತಿದ್ದೆ. ಅವನು ನಕಲಿನ ವರ್ಷಗಳ ಪಾಸು. ಅರ್ಜಿಯಲ್ಲಿ ಒಂದು ಸಾಲು ಬರೆಯಲು ಬಡೇ ಬಾಬುವನ್ನು ಕೇಳುತ್ತಿದ್ದ.

ಎರಡು ವರ್ಷ ಹೀಗೆ ಹೋಯಿತು. ಆಮೇಲೆ ಸರ್ಕಾರ ಬದಲಾಯಿತು, ಕಾನೂನೂ ಹೋಯಿತು. "ಭಾಭೀಜಿ, ಈ ಸಲ ಕೂರಿ, ಪಾಸಾದರೆ ಈಗಲೂ ಕುರ್ಸಿ. ಈ ಸಲ ದೇವರಿದ್ದಾನೆ" ಎಂದರು ಬಡೇ ಬಾಬು.

ಕೂತೆ. ಹಿಂದಿ ಪರೀಕ್ಷೆಯ ದಿನ ನನ್ನ ಪಕ್ಕದ ಕಿಟಕಿಯ ಸರಳಿನಲ್ಲಿ ಒಂದು ಸಣ್ಣ ಕೈ ಕಾಣಿಸಿತು. ವೀಣಾ. ಪಂಡಿತಾಇನಳ ಮಗನ ಹೆಗಲ ಮೇಲೆ ನಿಂತಿದ್ದಳು. ಶಿಸ್ತಿನ ಮಹತ್ವದ ಮೇಲೆ ಪ್ರಬಂಧ ಕೇಳಿದ್ದರು. ಪ್ರಶ್ನೆಗಳು ಆಗಲೇ ಹೊರಗೆ ಹೋಗಿದ್ದವು, ಅವಳು ಅದನ್ನು ದುಂಡಗೆ ಬರೆದು ತಂದಿದ್ದಳು. "ಮಮ್ಮಿ, ಬೇಗ!" ಕೋಣೆಯಲ್ಲಿದ್ದ ಟೀಚರು ನನ್ನತ್ತ ನೋಡಿ, ಕೈಗಡಿಯಾರ ನೋಡಿಕೊಂಡು, ಹೊರಗೆ ಹೋದರು.

ಅಷ್ಟು ಹಿಂದಿ ನನಗೂ ಬರುತ್ತಿತ್ತು. ಎರಡು ವರ್ಷ ಕಚೇರಿಯಲ್ಲಿ ಕೇಳಿ ಕೇಳಿ ಕಲಿತಿದ್ದೆ. ಆದರೂ ಚೀಟಿ ತೆಗೆದುಕೊಂಡೆ. ಆ ಮೂರು ಅಂಕಗಳನ್ನು ಮತ್ತೆ ನಂಬುವ ಧೈರ್ಯ ನನಗಿರಲಿಲ್ಲ.

ಎರಡನೇ ದರ್ಜೆ ಬಂತು. ಹಲಗೆಯ ಅಂಕಿಗಳು ಮತ್ತೆ ಅಕ್ಕಪಕ್ಕ ಬಂದವು. ಅಣ್ಣ ಊರಲ್ಲಿ ಪೇಢೆ ಹಂಚಿದನಂತೆ. "ನಮ್ಮ ಮನ್ಯಾಗ ಯಾರೂ ಹಿಂದ್ಯಾಗ ಇಷ್ಟು ತಗೊಂಡಿಲ್ಲ" ಎಂದು ಬರೆದ. ಎಮ್ಮೆಯ ಮಾತು ಅವನಿಗೆ ಮರೆತಿತ್ತು.

ಈಗ ನನಗೆ ಕುರ್ಚಿ ಇದೆ. ಹುಬ್ಬಳ್ಳಿಗೆ ವರ್ಗ ಕೇಳುವ ಅರ್ಜಿಯನ್ನು ಬಡೇ ಬಾಬು ತಾವಾಗಿ ತಂದುಕೊಟ್ಟರು. ಅದರ ಜೊತೆ ಅಂಕಪಟ್ಟಿ ಲಗತ್ತಿಸಬೇಕು. ನನ್ನ ಬಳಿ ಎರಡಿವೆ. ನಾನೇ ಬರೆದದ್ದರಲ್ಲಿ ನಪಾಸು. ಮಗಳು ಬರೆದದ್ದರಲ್ಲಿ ಪಾಸು.

ಊರಲ್ಲಿ ಇದನ್ನು ಯಾರಿಗೆ ಹೇಳಲಿ? ಅಲ್ಲಿ ಖಾಲಿ ಹಲಗೆಗೂ ಒಂದು ಮರ್ಯಾದೆ ಇತ್ತು. ಇಲ್ಲಿ ಓಣಿಗೆಲ್ಲ ಗೊತ್ತು, ಯಾರಿಗೂ ಅದೊಂದು ಸುದ್ದಿಯಲ್ಲ. ಪಂಡಿತಾಇನ್ ಮೊದಲ ಸಲ ನನ್ನನ್ನು ಮದ್ರಾಸಿ ಎನ್ನದೆ "ನಮ್ಮವಳು" ಎಂದು ಪರಿಚಯಿಸಿದ್ದು ಆ ಫಲಿತಾಂಶದ ದಿನವೇ. ಊರಿಗೆ ಮರಳುವ ಹಕ್ಕು ಸಿಕ್ಕಿದ್ದೂ ಅದೇ ದಿನ.

ಅರ್ಜಿಯನ್ನು ತುಂಬಿದ್ದೇನೆ. ಸಹಿ ಮಾಡಿಲ್ಲ.